ಕಂತಿನ ಮಷೀನು, ನಿಲ್ಲದ ಕಾಲು

ಕಂತಿನ ಮೇಲೆ ಸಾಮಾನು ಕೊಳ್ಳಲು ಹೋದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ತಪ್ಪು ನನ್ನ ಕಾಲಿನದು. ಸಾಹೇಬರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತ ಕರಾಚಿ, ಕೊಲಂಬೊ, ರಂಗೂನು ಎಂದು ತಿರುಗಿದವಳು ನಾನು. ಎಂಜಿನ್ನಿನ ಸೀಟಿ ಕೇಳಿದರೆ ಸಾಕು, ಕೈ ತಾನಾಗಿಯೇ ಹಾಸಿಗೆ ಸುತ್ತುತ್ತದೆ. ಇಂಥವಳಿಗೆ ಹುಬ್ಬಳ್ಳಿಯಲ್ಲಿ ಉದ್ರಿ ಕೊಡುವವರು ಯಾರು?

೧. ಸ್ಟೋವಿನ ಕ್ಷೇಮಸಮಾಚಾರ

ಮೊದಲು ಕೊಂಡದ್ದು ಸೀಮೆಎಣ್ಣೆಯ ಸ್ಟೋವು. ಆರು ಕಂತಿನಲ್ಲಿ ನಾಲ್ಕು ಕೊಟ್ಟಿದ್ದೆ. ಅಷ್ಟರಲ್ಲಿ ರಂಗೂನಿನಿಂದ ಕೆಲಸಕ್ಕೆ ಕರೆ ಬಂತು. ಸ್ಟೋವನ್ನೂ ಕಟ್ಟಿಕೊಂಡು ಹೊರಟುಬಿಟ್ಟೆ. ಎರಡು ವರ್ಷದ ಮೇಲೆ ಊರಿಗೆ ಮರಳಿ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಸ್ಟೋವು ಮಾರಿದ ಅಂಗಡಿಯ ಕಾಕಾ.

“ಆರಾಮ ಇದ್ದೀರೇನ್ರಿ ಬಾಯಾರ?”

“ಆರಾಮ ಇದ್ದೇನ್ರಿ ಕಾಕಾ.”

“ಸ್ಟೋವೂ ಆರಾಮ ಐತೇನ್ರಿ?”

“ಅದನ್ನ ಅಲ್ಲೇ ಒಬ್ಬ ಗೆಳತಿಗೆ ಕೊಟ್ಟು ಬಂದೆ.”

ಕಾಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. “ಛಲೋ ಆತು. ನಾ ಮಾರಿದ್ದು ಹುಬ್ಬಳ್ಳ್ಯಾಗ, ಉಪ್ಪಿಟ್ಟು ಆಗೂದು ರಂಗೂನದಾಗ. ಉಳಿದ ಎರಡು ಕಂತು ಯಾ ಊರಾಗ ಬಂದು ಕೇಳ್ಲಿ, ನೀವೇ ಹೇಳಿಬಿಡ್ರಿ.”

೨. ಕಾಲಿಗೆ ಜಾಮೀನು

ಕಾಕಾನ ಬಾಕಿ ತೀರಿಸಿದೆ, ಆದರೆ ಹೆಸರು ಕೆಟ್ಟಿತ್ತು. ಆಗ ನನಗೆ ನಲವತ್ತು ದಾಟಿತ್ತು; ಪರರ ಮಕ್ಕಳ ಹಿಂದೆ ಓಡುವುದು ಸಾಕಾಗಿತ್ತು. ಒಂದು ಹೊಲಿಗೆ ಮಷೀನು ಸಿಕ್ಕರೆ ಒಂದೇ ಊರಲ್ಲಿ ಕುಳಿತು ಉಣ್ಣಬಹುದು. ಮಷೀನಿನ ಅಂಗಡಿಗೆ ಹೋದರೆ, “ಜಾಮೀನ ಯಾರ್ರೀ?” ಎಂದರು.

ನಮ್ಮ ಚರ್ಚಿನ ಪಾಸ್ಟರರನ್ನು ಕೇಳಿದೆ. ಅವರು, “ನಿನ್ನ ಆತ್ಮಕ್ಕ ಬೇಕಾದ್ರ ಜಾಮೀನ ಆಗ್ತೇನವ್ವಾ, ಕಾಲಿಗೆ ಆಗಾಂಗಿಲ್ಲ” ಎಂದರು.

ಕೊನೆಗೆ ಕೈಹಿಡಿದವಳು ಕಮರಿಪೇಟೆಯಲ್ಲಿ ನನಗೆ ಖೋಲಿ ಬಾಡಿಗೆಗೆ ಕೊಟ್ಟಿದ್ದ ಮುದುಕಿ. ಓಣಿಗೆಲ್ಲ ಅವಳು ಆಯಿ. ಅವಳದೂ ಒಂದು ಷರತ್ತಿತ್ತು: “ನಿನ್ನ ಟ್ರಂಕ ನನ್ನ ಕಡೆ ಇರಲಿ. ಟ್ರಂಕ ಇಲ್ಲದ ನೀ ಎಲ್ಲಿಗಿ ಹೋಗ್ತೀ?”

ಅವಳ ಜಾಮೀನಿನ ಮೇಲೆ ಮಷೀನು ಬಂತು, ಟ್ರಂಕು ಹೋಯಿತು. ವಾರದ ಮೇಲೆ ನೋಡಿದರೆ ಕೊಲಂಬೊದ ಚೀಟಿ ಅಂಟಿಸಿಕೊಂಡ ನನ್ನ ಟ್ರಂಕಿನ ತುಂಬ ಆಯಿಯ ಹಪ್ಪಳ. ಅಷ್ಟನ್ನೂ ಕರಿದು ತಿಂದಲ್ಲದೆ ನಾನು ಊರು ಬಿಡುವಂತಿರಲಿಲ್ಲ.

೩. ಕೋಟಿನ ಮನುಷ್ಯ

ತಿಂಗಳಿಗೊಮ್ಮೆ ಕಂತು ಒಯ್ಯಲು ಅಂಗಡಿಯ ಗುಮಾಸ್ತ ಬರುತ್ತಿದ್ದ. ಕರಿ ಕೋಟು, ಕರಿ ಟೊಪ್ಪಿಗೆ, ಬಹಳ ಮರ್ಯಾದಸ್ಥ. ಒಂಟಿ ಹೆಂಗಸಿನ ಮನೆಗೆ ತಪ್ಪದೆ ಬರುವ ಗಂಡಸು! ನೋಡಲು ಬಂದ ವರ ಎಂದು ಓಣಿ ತೀರ್ಮಾನಿಸಿತು. ಅವನಿಗೆ ಹೆಂಡತಿಯೂ ನಾಲ್ಕು ಮಕ್ಕಳೂ ಇದ್ದದ್ದು ನನಗೆ ಗೊತ್ತಿತ್ತು, ಆದರೂ ಸುಮ್ಮನಿದ್ದೆ. ವಸೂಲಿಯವನು ಎಂದರೆ ಮಾನ ಹೋಗುತ್ತಿತ್ತು. ವರ ಎಂದರೆ ಪಕ್ಕದ ಮನೆಯಿಂದ ಅವನಿಗೆ ಚಹವಾದರೂ ಬರುತ್ತಿತ್ತು.

ಅಷ್ಟರಲ್ಲಿ ನನಗೆ ರವಿಕೆ ಹೊಲಿಯಲು ಕೊಟ್ಟ ವಕೀಲರ ಮನೆಯ ಲಗ್ನ ಮುಂದಕ್ಕೆ ಹೋಯಿತು. ಲಗ್ನದ ಜೊತೆಗೆ ನನ್ನ ಹೊಲಿಗೆಯ ಹಣವೂ ಮುಂದಕ್ಕೆ ಹೋಯಿತು. ಮೂರು ತಿಂಗಳು ಗುಮಾಸ್ತ ಬರಿಗೈಯಲ್ಲಿ ತಿರುಗಿದ. ಪಕ್ಕದ ಮನೆಯವಳು ತಡೆಯಲಾರದೆ ಕೇಳಿಯೇಬಿಟ್ಟಳು:

“ಅಕ್ಕಾ, ಪಾಪ ಮಾರಿ ಸಣ್ಣದು ಮಾಡ್ಕೊಂಡು ಹೊಂಟಾನಲ್ಲ. ನೀವು ಒಲ್ಲೆ ಅಂದ್ರೇನ್ರಿ?”

೪. ಕುಂಕುಮ ಹಚ್ಚಿದ ಮಷೀನು

ಮೂರು ಕಂತು ತಪ್ಪಿದರೆ ಮಷೀನು ವಾಪಸು, ಕೊಟ್ಟ ಹಣವೂ ಮುಳುಗಿತು: ಇದು ಕರಾರು. ಮಷೀನು ಹೊಸ್ತಿಲು ದಾಟುವ ಮೊದಲು ಬಾಕಿ ಕೊಟ್ಟರೆ ಮಾತ್ರ ಉಳಿದೆವು. ಪುಣ್ಯಕ್ಕೆ ವಕೀಲರ ಮನೆಯಿಂದ ಹಣ ಬಂತು. ನಾಳೆ ಹೋಗಿ ಕಟ್ಟಿದರಾಯಿತೆಂದು ಸೆರಗಿನಲ್ಲಿ ಗಂಟು ಹಾಕಿಟ್ಟೆ.

ಮರುದಿನ ಖಂಡೆ ಪೂಜೆ, ಆಯುಧಗಳನ್ನು ಪೂಜಿಸುವ ಹಬ್ಬ. ಎದ್ದು ನೋಡಿದರೆ ಆಯಿ ಈಳಿಗೆ, ಕುಡುಗೋಲು, ಅಡಕತ್ತರಿಯ ಜೊತೆಗೆ ನನ್ನ ಮಷೀನಿಗೂ ಅರಿಷಿಣ ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದ್ದಳು.

“ಆಯಿ, ನಾ ಚರ್ಚಿಗೆ ಹೋಗಾಕಿ.”

“ನೀ ಹೋಗು, ಯಾರ ಬ್ಯಾಡ ಅಂತಾರ? ಕಬ್ಬಿಣಕ್ಕ ಯಾ ಜಾತಿ?”

ಅಷ್ಟರಲ್ಲಿ ಬಾಗಿಲಿಗೆ ಟಾಂಗಾ ಬಂತು. ಇಳಿದವನು ಗುಮಾಸ್ತ. ಕೈಯಲ್ಲಿ ಕಂಪನಿಯ ಹೊಸ ಇಂಗ್ಲಿಷ್ ಮ್ಯಾನೇಜರರು ಸಹಿ ಮಾಡಿದ ಹುಕುಮು: ಮಷೀನು ಹೇರಿಕೊಂಡು ಬಾ. ಅವನು ಒಳಗೆ ಬಂದ, ಮಷೀನು ನೋಡಿದ, ಚಪ್ಪಲಿ ಬಿಚ್ಚಿ ಕೈಮುಗಿದ.

“ಪೂಜಿ ಆಗೇತಲ್ರೀ. ನಾಳೆ ದಸರಾಕ್ಕ ಬನ್ನಿ ಕೊಡೂ ತನಕಾ ಇದನ್ನ ಕದಲಸಬಾರದ್ರಿ.”

ನಾನು ಲಗುಬಗೆಯಿಂದ ಸೆರಗಿನ ಗಂಟು ಬಿಚ್ಚಿ ಮೂರೂ ಕಂತು ಮುಂದೆ ಹಿಡಿದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಇದನ್ನೂ ಮುಟ್ಟಾಂಗಿಲ್ರಿ. ರಸೀತಿ ಪುಸ್ತಕ, ಬರಿಯೂ ಟಾಕು, ಮಸಿ ದೌತಿ ಎಲ್ಲಾ ನಮ್ಮ ಮನ್ಯಾಗ ಪೂಜಾಕ್ಕ ಕುಂತಾವ. ರಸೀತಿ ಕೊಡಲಾರದ ರೊಕ್ಕಾ ತಗೊಂಡ್ರ ನನ್ನ ನೌಕರಿ ಹೋಗ್ತದ.”

“ಮಷೀನಾನೂ ಒಯ್ಯಾಂಗಿಲ್ಲ, ರೊಕ್ಕಾನೂ ಒಲ್ಲೆ. ಮತ್ತ ಬಂದದ್ದರ ಯಾಕ್ರಿ?”

“ಸಾಹೇಬರು ಹೋಗು ಅಂದ್ರು, ಬಂದೇನ್ರಿ. ಅವರಿಗೇನ ಖಂಡೆ ಪೂಜಿ ಗೊತ್ತ ಐತಿ?”

ಆಯಿ ಅವನಿಗೆ ಹೋಳಿಗೆ ಬಡಿಸಿದಳು. ಬನ್ನಿ ಹಬ್ಬ ಮುಗಿದ ಮರುದಿನವೇ ಅವನು ರಸೀತಿ ಪುಸ್ತಕ ತಂದು ಹಣ ತುಂಬಿಸಿಕೊಂಡ. ಮಷೀನು ನನ್ನಲ್ಲೇ ಉಳಿಯಿತು, ನಾನೂ ಊರಲ್ಲಿ ಉಳಿದೆ.

ಆದರೆ ಪೂಜೆಯ ದಿನ ಹೋಳಿಗೆ ಮುಗಿಯುವ ಹೊತ್ತಿಗೆ ಟಾಂಗಾದವನು ಬಾಗಿಲಲ್ಲಿ ನಿಂತು, “ನನ್ನ ಬಾಡಿಗಿ ಯಾರ ಕೊಡ್ತೀರಿ?” ಎಂದ. ಸಾಮಾನಿಲ್ಲದೆ ಖಾಲಿ ಹೋದರೆ ಕಂಪನಿ ಬಾಡಿಗೆ ಕೊಡುವುದಿಲ್ಲವೆಂದು ಗುಮಾಸ್ತ ತಲೆ ತಗ್ಗಿಸಿದ. ನಾನೇ ನಾಲ್ಕಾಣೆ ತೆಗೆದು ಕೊಟ್ಟೆ.

ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀ ಕೇಳಿದ ಕೂಡ್ಲೆ ರೊಕ್ಕಾ ಕೊಟ್ಟಿದ್ದು ಇವತ್ತ ನೋಡಿದ್ನವಾ. ಅದೂ ನಿನ್ನ ಮಷೀನಾ ಹೇರ್ಕೊಂಡು ಹೋಗಾಕ ಬಂದ ಟಾಂಗಾಕ್ಕ.”