ರೆಕ್ಕೆಯ ಉಡಕ್ಕೆ ಯಾವ ಬಣ್ಣ

ಬಣ್ಣ ಬಳಿಯುವುದು ಒಂದು ಕಲೆ ಎಂದು ಹೇಳುವವರನ್ನು ನಾನು ಆ ಮೇ ತಿಂಗಳವರೆಗೆ ನಂಬುತ್ತಿರಲಿಲ್ಲ. ಅದು ಶಿಸ್ತು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಮೊದಲು ಒರೆಸಬೇಕು, ಆಮೇಲೆ ಬಳಿಯಬೇಕು, ಆಮೇಲೆ ಒಣಗಿಸಬೇಕು. ಕ್ರಮ ತಪ್ಪಬಾರದು, ಅಷ್ಟೆ. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿದ್ದು ನಿವೃತ್ತನಾದ ನನಗೆ, ಕ್ರೀಡೋತ್ಸವದ ಮೈದಾನಕ್ಕೆ ಸುಣ್ಣದ ಗೆರೆ ಎಳೆದ ದೀರ್ಘ ಅನುಭವವಿತ್ತು. ಮಂಗಳೂರಿನ ಕೊಟ್ಟಾರದಲ್ಲಿದ್ದ ನಮ್ಮ ಮನೆಯ ಗೇಟು ಮತ್ತು ಕಿಟಕಿಯ ಸರಳುಗಳಿಗೆ ವರ್ಷವರ್ಷವೂ ನಾನೇ ಪೇಂಟು ಹಚ್ಚುತ್ತಿದ್ದೆ. ಗೇಟಿನಿಂದ ಒಮ್ಮೆಯೂ ದೂರು ಬಂದಿರಲಿಲ್ಲ.

ಎಂಬತ್ತರ ದಶಕದ ಆರಂಭ ಅದು. ನನ್ನ ಹೆಂಡತಿ ಸುನಂದಳ ತಮ್ಮ ಜಗದೀಶ ಬಹರೈನಿನ ಒಂದು ಕಂಪೆನಿಯಲ್ಲಿ ಸ್ಟೋರ್ ಕೀಪರ್ ಆಗಿದ್ದ. ಅವನ ಹೆಂಡತಿ ವಿಮಲ ನಮ್ಮ ಜೊತೆಯಲ್ಲೇ ಇದ್ದಳು. ಗಲ್ಫಿನವರ ಸಂಸಾರವನ್ನು ವರ್ಷಗಳಲ್ಲಿ ಅಳೆಯುವಂತಿಲ್ಲ, ರಜೆಗಳಲ್ಲಿ ಅಳೆಯಬೇಕು. ಆ ಲೆಕ್ಕದಲ್ಲಿ ಅವರಿಬ್ಬರದು ಎರಡು ರಜೆಯ ದಾಂಪತ್ಯ. ವಿಮಲ ಅಲ್ಲಿಗೆ ಹೋಗಬೇಕಾದರೆ ಫ್ಯಾಮಿಲಿ ವೀಸಾ ಬೇಕು. ವೀಸಾಕ್ಕೆ ಜಗದೀಶನ ಇಂಗ್ಲಿಷ್ ಸಾಹೇಬರ ಸಹಿ ಬೇಕು. ಆ ಸಾಹೇಬರು ಆಗುವುದಿಲ್ಲ ಎಂದವರಲ್ಲ. "ನೋಡೋಣ" ಎನ್ನುತ್ತಾ ಎರಡು ರಜೆ ಕಳೆದಿದ್ದರು.

ಈ ಸಲ ರಜೆಗೆ ಬಂದ ಜಗದೀಶ, ಸೂಟ್‌ಕೇಸಿನ ಅಡಿಯಿಂದ ಒಂದು ಬೂಟಿನ ಪೆಟ್ಟಿಗೆಯನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಹೊರತೆಗೆದ. ಒಳಗೆ ಹತ್ತಿ. ಹತ್ತಿಯ ನಡುವೆ ಹೆಬ್ಬೆರಳಿನಷ್ಟು ಎತ್ತರದ, ಸೀಸದ ಸಣ್ಣ ಸಣ್ಣ ಬೊಂಬೆಗಳು. ಯಾವುದಕ್ಕೂ ಬಣ್ಣವಿಲ್ಲ.

ಸುನಂದ ಒಂದನ್ನು ಎತ್ತಿ ನೋಡಿದಳು. "ಇದೆಂತದು ಮಾರಾಯ, ಉಡಕ್ಕೆ ರೆಕ್ಕೆ?"

"ಉಡ ಅಲ್ಲ ಅಕ್ಕ. ಅವರ ಕಡೆಯ ಕಥೆಯಲ್ಲಿ ಬರುವ ಪ್ರಾಣಿ. ಬೆಂಕಿ ಉಗುಳ್ತದಂತೆ."

ಪೆಟ್ಟಿಗೆಯಲ್ಲಿ ಇನ್ನೂ ಏನೇನೋ ಇತ್ತು. ಹಣೆಯ ನಡುವೆ ಕೊಂಬಿದ್ದ ಕುದುರೆ. ಸೊಂಟದವರೆಗೆ ಮನುಷ್ಯ, ಅಲ್ಲಿಂದ ಕೆಳಗೆ ಕುದುರೆಯಾಗಿದ್ದ ಇನ್ನೊಂದು. ಮಂಡಿಯವರೆಗೆ ಗಡ್ಡ ಬಿಟ್ಟು ಕೊಡಲಿ ಹಿಡಿದ ಕುಳ್ಳರ ಒಂದು ಹಿಂಡು. ಎಲ್ಲ ಸಾಹೇಬರ ಮಗನದ್ದು. ಇಂತಹ ಬೊಂಬೆಗಳು ಬಣ್ಣವಿಲ್ಲದೆಯೇ ಬರುತ್ತವಂತೆ. ತಂದವರು ತಮಗೆ ಬೇಕಾದ ಬಣ್ಣ ಆರಿಸಿ ಹಚ್ಚಿಕೊಳ್ಳಬೇಕಂತೆ. "ನಿಮ್ಮ ಊರಲ್ಲಿ ದೇವರ ಮೂರ್ತಿಗಳಿಗೆ ಎಷ್ಟು ಚಂದ ಬಣ್ಣ ಹಚ್ಚುತ್ತಾರೆ, ಇವಕ್ಕೂ ಹಚ್ಚಿಸಿಕೊಂಡು ಬಾ" ಎಂದು ಸಾಹೇಬರು ಪೆಟ್ಟಿಗೆಯನ್ನು ಕೊಟ್ಟು ಕಳಿಸಿದ್ದರು.

"ಯಾವುದಕ್ಕೆ ಯಾವ ಬಣ್ಣ ಅಂತ ಹೇಳಿದ್ದಾರಾ?" ಎಂದು ಕೇಳಿದೆ.

"ಅದನ್ನು ಕೇಳ್ಲಿಕ್ಕೆ ಆಗ್ಲಿಲ್ಲ ಭಾವ. ಅಷ್ಟರಲ್ಲಿ ಯೆಸ್ ಸರ್ ಅಂತ ಹೇಳಿ ಆಗಿತ್ತು." ಜಗದೀಶ ದನಿ ತಗ್ಗಿಸಿದ. "ಇದನ್ನು ಕೊಟ್ಟ ದಿನವೇ ವೀಸಾದ ಕಾಗದ ಅವರ ಮುಂದೆ ಇಡ್ತೇನೆ. ಮಗ ಖುಷಿಯಲ್ಲಿದ್ರೆ ಅಪ್ಪ ಸೈನ್ ಹಾಕ್ತಾನೆ. ಇದೇ ಚಾನ್ಸು."

ಬಾಗಿಲ ಬಳಿ ಹಲಸಿನ ತೊಳೆ ಬಿಡಿಸುತ್ತಿದ್ದ ವಿಮಲ ತಲೆಯೆತ್ತಲಿಲ್ಲ. ಆದರೆ ಅವಳ ಕೈ ನಿಂತಿತ್ತು.

ಮರುದಿನ ಜಗದೀಶ ಗಣಪತಿ ಮೂರ್ತಿ ಮಾಡುವವರಲ್ಲಿಗೆ ಹೋದ. ಅವರು ಪೆಟ್ಟಿಗೆಯೊಳಗೆ ಇಣುಕಿ, ಚೌತಿ ಕಳೆದ ಮೇಲೆ ಬನ್ನಿ ಎಂದರಂತೆ. ಚೌತಿಯ ಹೊತ್ತಿಗೆ ಜಗದೀಶ ಬಹರೈನಿನಲ್ಲಿರಬೇಕು. ಅವನು ಮುಖ ಸಣ್ಣ ಮಾಡಿಕೊಂಡು ಬಂದದ್ದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

"ಹೊರಗೆ ಯಾಕೆ ಕೊಡುವುದು? ನಾನಿಲ್ಲವಾ?" ಎಂದೆ.

ಜಗದೀಶ ಅಕ್ಕನ ಮುಖ ನೋಡಿದ. ಅಕ್ಕ ಗೇಟನ್ನು ನೋಡಿದಳು.

"ಗೇಟು ಬೇರೆ, ಇದು ಬೇರೆ ಅಲ್ವಾ?" ಎಂದಳು ಸುನಂದ.

"ಲೋಹ ಲೋಹವೇ. ನೀನು ನೆಂಟರ ಮನೆಗಳಿಗೆಲ್ಲ ಹೋಗಿ ಬಾ ಜಗದೀಶ. ಬರುವಾಗ ಕೆಲಸ ಆಗಿರ್ತದೆ."

ಅವನು ಹೋದ. ಗಲ್ಫಿನಿಂದ ಬಂದವನು ಪ್ರತಿ ನೆಂಟರ ಮನೆಗೂ ಒಂದು ಸಾಬೂನು ಹಿಡಿದುಕೊಂಡು ಹೋಗದಿದ್ದರೆ ಅದು ತಲೆಮಾರುಗಳವರೆಗೆ ಉಳಿಯುವ ಜಗಳ.

ನಾನು ಬೊಂಬೆಗಳನ್ನು ಜಗಲಿಯಲ್ಲಿ ಎತ್ತರಕ್ಕೆ ಅನುಸಾರವಾಗಿ ಸಾಲಾಗಿ ನಿಲ್ಲಿಸಿದೆ. ಬಣ್ಣದ ಆಯ್ಕೆ ಕಷ್ಟವಾಗಲಿಲ್ಲ. ಮನೆಯಲ್ಲಿ ಗೇಟಿನ ಹಸಿರು, ಸರಳಿನ ಅಲ್ಯೂಮಿನಿಯಂ ಪೇಂಟು ಮತ್ತು ಮೆಟ್ಟಿಲಿನ ರೆಡ್ ಆಕ್ಸೈಡ್ ಇದ್ದವು. ಕುಳ್ಳರು ಕೊಡಲಿ ಹಿಡಿದಿದ್ದರಿಂದ ಅವರನ್ನು ಸೈನಿಕರೆಂದು ಪರಿಗಣಿಸಲಾಯಿತು. ಸೈನಿಕರಿಗೆ ಸಮವಸ್ತ್ರ ಕಡ್ಡಾಯ. ಆದ್ದರಿಂದ ಎಲ್ಲರಿಗೂ ಅಲ್ಯೂಮಿನಿಯಂ. ಒಬ್ಬೊಬ್ಬರಿಗೆ ಬ್ರಷ್ ಹಿಡಿದು ಕೂರುವುದು ಕಾಲಹರಣವೆಂದು, ಕುತ್ತಿಗೆಗೆ ನೂಲು ಕಟ್ಟಿ ಡಬ್ಬಿಯೊಳಗೆ ಇಳಿಸಿ ಎತ್ತಿದೆ. ಬಾವಿಯಿಂದ ಕೊಡ ಸೇದಿದ ಹಾಗೆ. ಕಾಫಿಯ ಹೊತ್ತಿಗೆ ಇಡೀ ತುಕಡಿ ಸಿದ್ಧ.

ಸುನಂದ ಕಾಫಿ ತಂದವಳು ಬಗ್ಗಿ ನೋಡಿದಳು. ಕುಳ್ಳರ ಕಣ್ಣು, ಮೂಗು, ಗಡ್ಡ ಯಾವುದೂ ಇರಲಿಲ್ಲ. ಎಲ್ಲವೂ ದಪ್ಪ ಪೇಂಟಿನ ಒಳಗೆ ಸಮಾಧಿಯಾಗಿದ್ದವು.

"ಚಂದ ಬಂದಿದೆ," ಎಂದಳು. "ಆದ್ರೆ ಗೇರುಬೀಜದ ಕೈಗೆ ಕೊಡಲಿ ಯಾಕೆ ಕೊಟ್ಟದ್ದು?"

ಇದನ್ನು ನಾನು ಆರಂಭಿಕ ತೊಡಕೆಂದು ಭಾವಿಸಿ, ಉಳಿದವುಗಳ ಬಗ್ಗೆ ತಜ್ಞರ ಸಲಹೆ ಪಡೆಯುವುದೆಂದು ತೀರ್ಮಾನಿಸಿದೆ. ತಜ್ಞರು ಬೇಲಿಯ ಆಚೆಗೇ ಇದ್ದರು. ಪಕ್ಕದ ಮನೆಯ ಸಂಜೀವ ಶೆಟ್ರು ಹೋಟೆಲನ್ನು ಮಕ್ಕಳ ಕೈಗೆ ಕೊಟ್ಟು, ಯಕ್ಷಗಾನದ ಒಂದು ಆಟವನ್ನೂ ಬಿಡದೆ ನೋಡುತ್ತಿದ್ದವರು. ಅವರು ರೆಕ್ಕೆಯ ಉಡವನ್ನು ಅಂಗೈಯಲ್ಲಿಟ್ಟು, ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದರು.

"ಮಾಸ್ಟ್ರೇ, ಇದು ಒಳ್ಳೆಯದಾ ಕೆಟ್ಟದ್ದಾ?"

"ಸೀಸದ್ದು."

"ಅದಲ್ಲ. ಇದರ ಸ್ವಭಾವ ಎಂತ? ಸ್ವಭಾವ ಗೊತ್ತಿಲ್ಲದೆ ಬಣ್ಣ ಹಾಕುದು ಹೇಗೆ? ರಾಜನಿಗೆ ಒಂದು, ರಾಕ್ಷಸನಿಗೆ ಒಂದು."

ವಿಮಲ ಒಳಗಿನಿಂದ ಹೇಳಿದಳು. "ಬೆಂಕಿ ಉಗುಳ್ತದಂತೆ. ಗುಹೆಯಲ್ಲಿ ಕೂತು ಚಿನ್ನ ಕಾಯ್ತದಂತೆ. ಇವರು ಹೇಳಿದ್ರು."

"ಹಾಗಾದ್ರೆ ರಾಕ್ಷಸನೇ. ಸಂಶಯ ಇಲ್ಲ," ಎಂದರು ಶೆಟ್ರು.

"ಚಿನ್ನ ಕಾಯುವುದು ತಪ್ಪಾ?" ಎಂದಳು ಸುನಂದ. "ಹಾಗಾದ್ರೆ ಬ್ಯಾಂಕಿನ ಮ್ಯಾನೇಜರೂ ರಾಕ್ಷಸ."

"ನನಗೆ ಸಾಲ ಕೊಡದವನು ಹೌದು."

ಉಡಕ್ಕೆ ರಾಕ್ಷಸರ ಬಣ್ಣದ ವೇಷವೇ ಎಂದು ತೀರ್ಮಾನವಾಯಿತು. ಮೈಗೆ ಕೆಂಪು, ಕಣ್ಣಿನ ಸುತ್ತ ಕಪ್ಪು. ಆದರೆ ಶೆಟ್ರಿಗೆ ಸಮಾಧಾನವಿಲ್ಲ. "ಚುಟ್ಟಿ ಇಲ್ಲದ ರಾಕ್ಷಸ ಅಂದ್ರೆ ಉಪ್ಪಿಲ್ಲದ ಗಂಜಿ," ಎಂದರು. ಚುಟ್ಟಿಯೆಂದರೆ ಅಕ್ಕಿಯ ಹಿಟ್ಟಿಗೆ ಸುಣ್ಣ ಬೆರೆಸಿ ವೇಷಧಾರಿಯ ಮುಖದ ಮೇಲೆ ಇಡುವ ಬಿಳಿ ಮುಳ್ಳುಗಳ ಸಾಲು. ಸಾಲು ಎಂಬ ಶಬ್ದ ಕೇಳಿದ್ದೇ ನಾನು ಎದ್ದೆ. ಸಾಲು ನಿಲ್ಲಿಸುವುದರಲ್ಲಿ ನನಗಿಂತ ಯೋಗ್ಯರು ಆ ಪೇಟೆಯಲ್ಲಿ ಯಾರಿದ್ದರು? ನೀರುದೋಸೆಗೆಂದು ಅರೆದಿಟ್ಟ ಅಕ್ಕಿಯಿಂದ ಒಂದಿಷ್ಟನ್ನು ತೆಗೆದು, ಹಿಂಡಿ, ಸುಣ್ಣ ಕಲಸಿ, ಹಿಡಿಸೂಡಿ ಕಡ್ಡಿಯ ತುದಿಯಿಂದ ಉಡದ ತಲೆಯಿಂದ ಬಾಲದವರೆಗೆ ಚುಟ್ಟಿ ಇಟ್ಟೆ. ಶೆಟ್ರು ಭಾವುಕರಾಗಿ ಬಾಯಲ್ಲೇ ಚೆಂಡೆ ಬಾರಿಸಿದರು.

ಅರ್ಧ ಮನುಷ್ಯ, ಅರ್ಧ ಕುದುರೆಯಾಗಿದ್ದವನನ್ನು ನೋಡಿ ಅವರಿಗೆ ಯೋಚನೆಯೇ ಬೇಕಾಗಲಿಲ್ಲ. "ಮೇಲೆ ಮನುಷ್ಯ, ಕೆಳಗೆ ಪ್ರಾಣಿ. ನವರಾತ್ರಿಯ ಹುಲಿವೇಷ ಅಲ್ವಾ ಇದು?" ಶೆಟ್ರೇ ಮನೆಯಿಂದ ಹಳದಿ, ಕಪ್ಪು ಪೇಂಟು ತಂದು ಅವನಿಗೆ ಪಟ್ಟೆ ಎಳೆದರು.

ಕೊಂಬಿನ ಕುದುರೆ ಉಳಿಯಿತು. ಗೇಟಿನ ಹಸಿರೂ ಉಳಿದಿತ್ತು.

"ಹಸಿರು ಕುದುರೆ ಎಲ್ಲಿಯಾದ್ರೂ ಉಂಟಾ?" ಎಂದಳು ಸುನಂದ.

"ಕೊಂಬಿನ ಕುದುರೆ ಎಲ್ಲಿಯಾದರೂ ಉಂಟಾ?" ಎಂದೆ.

ಕುದುರೆ ಹಸಿರಾಯಿತು. ಇಡೀ ಪ್ರಕರಣದಲ್ಲಿ ನಾನು ಗೆದ್ದ ವಾದ ಅದೊಂದೇ.

ತಾರಸಿಯ ಮೇಲೆ ಹಲಸಿನ ಹಪ್ಪಳದ ಚಾಪೆ ಹರಡಿತ್ತು. ಅದರ ಅಂಚಿನಲ್ಲಿ ಬೊಂಬೆಗಳನ್ನು ಒಣಗಲು ನಿಲ್ಲಿಸಿ, ನಿಶ್ಚಿಂತೆಯಿಂದ ಮಲಗಿದೆ. ಆದರೆ ಮಂಗಳೂರಿನ ಮೇ ತಿಂಗಳಲ್ಲಿ ಮನುಷ್ಯನ ಬೆನ್ನೇ ಒಣಗುವುದಿಲ್ಲ. ಎರಡು ಸುತ್ತು ದಪ್ಪಕ್ಕೆ ಬಳಿದ ಎನಾಮೆಲ್ ಒಣಗುತ್ತದೆಯೇ?

ಬೆಳಿಗ್ಗೆ ವ್ಯಾಯಾಮಕ್ಕೆಂದು ತಾರಸಿಗೆ ಹೋದೆ. ಉಡ ಕಾಣಿಸಲಿಲ್ಲ. ಅದು ಇದ್ದಲ್ಲಿ ಇರುವೆಗಳ ಒಂದು ಗುಡ್ಡೆ ಇತ್ತು. ಅಕ್ಕಿಯ ಚುಟ್ಟಿಯನ್ನು ಅವು ಒಂದೊಂದೇ ಮುಳ್ಳಾಗಿ ಕಿತ್ತು ಹೊತ್ತುಕೊಂಡು ಹೋಗುತ್ತಿದ್ದವು. ಅವುಗಳ ಸಾಲು ಬಹಳ ನೇರವಾಗಿತ್ತು. ಅದನ್ನು ಡ್ರಿಲ್ ಮಾಸ್ಟರಾಗಿ ನಾನು ಒಪ್ಪಿಕೊಳ್ಳಲೇಬೇಕು. ಕೆಲವು ಇರುವೆಗಳು ಹಸಿ ಕೆಂಪಿನಲ್ಲಿ ಸಿಕ್ಕಿಕೊಂಡು ಉಡಕ್ಕೆ ರೋಮ ಬಂದಂತೆ ಕಾಣುತ್ತಿತ್ತು. ಹುಲಿವೇಷದ ಪಟ್ಟೆಗಳು ಇಳಿದು ಒಂದಾಗಿದ್ದವು. ಕುದುರೆ ಗಾಳಿಗೆ ಬಿದ್ದು ಒಂದು ಹಪ್ಪಳಕ್ಕೆ ಅಂಟಿಕೊಂಡಿತ್ತು.

ಹಪ್ಪಳ ಎಳೆದೆ. ಹಪ್ಪಳ ಬಂತು, ಕೊಂಬು ಬಾಗಿತು. ಕೊಂಬನ್ನು ನೆಟ್ಟಗೆ ಮಾಡಲು ಇಕ್ಕಳ ತಂದೆ. ಕೊಂಬು ಇಕ್ಕಳದಲ್ಲಿ ಉಳಿಯಿತು.

ಈಗ ಅದು ಬರೀ ಹಸಿರು ಕುದುರೆ.

ಜಗದೀಶ ಆ ದಿನವೇ ಮರಳಿ ಬಂದ. ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದ್ದನ್ನು ನೋಡಿದ. ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಹೇಳಿ ಹಗುರಾಗುತ್ತಿದ್ದೆ. ಕುರ್ಚಿಯ ಅಂಚಿನಲ್ಲಿ ಕೂತು, "ಭಾವ, ನಾನು ಅಲ್ಲಿ ಹೋಗಿ ಎಂತ ಹೇಳುದು?" ಎಂದಷ್ಟೇ ಕೇಳಿದ.

ವಿಮಲ ಬಂದು ಇಕ್ಕಳದಿಂದ ಕೊಂಬನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡಳು. ಅದು ಒಂದು ಅಕ್ಕಿಕಾಳಿನಷ್ಟಿತ್ತು. ಅವಳ ಬಹರೈನು ಅದರಲ್ಲೇ ಇತ್ತು.

"ಅಣ್ಣ, ನೀವು ಕೈ ತೊಳೆದು ಬನ್ನಿ. ಊಟಕ್ಕೆ ಹಾಕ್ತೇನೆ," ಎಂದಳು.

ನನ್ನನ್ನು ಇಷ್ಟು ಮರ್ಯಾದೆಯಿಂದ ಕೆಲಸದಿಂದ ತೆಗೆದವರು ಬೇರೆ ಯಾರೂ ಇಲ್ಲ.

ಊಟವಾದ ಮೇಲೆ ಅವಳು ಒಂದು ಬೋಗುಣಿಯಲ್ಲಿ ಚಿಮಿಣಿ ಎಣ್ಣೆ ಹಾಕಿ ಎಲ್ಲರನ್ನೂ ಅದರಲ್ಲಿ ಮುಳುಗಿಸಿದಳು. ಹಳೆಯ ಟೂತ್‌ಬ್ರಷ್ ಹಿಡಿದು ಒಬ್ಬೊಬ್ಬರನ್ನೇ ಉಜ್ಜಿದಳು. ಪೇಂಟು ಒಣಗದೇ ಇದ್ದದ್ದು ಅಲ್ಲಿ ಉಪಕಾರಕ್ಕೆ ಬಂತು. ಗೇರುಬೀಜಗಳಿಗೆ ನಿಧಾನವಾಗಿ ಮೂಗು ಬಂತು, ಕಣ್ಣು ಬಂತು, ಗಡ್ಡ ಬಂತು. ಕುಳ್ಳರು ಬಹಳ ಸಿಟ್ಟಿನ ಮುಖದವರೆಂದು ನನಗೆ ಆಗಲೇ ತಿಳಿದದ್ದು.

ಆಮೇಲೆ ಅವಳು ತನ್ನ ಟ್ರಂಕಿನಿಂದ ಒಂದು ಡಬ್ಬಿ ತಂದು ತೆರೆದಳು. ಒಳಗೆ ನೈಲ್ ಪಾಲಿಶಿನ ಬಾಟಲಿಗಳು. ಮರೂನ್, ಗುಲಾಬಿ, ಚಿನ್ನದ ಬಣ್ಣ, ಬೆಳ್ಳಿಯ ಬಣ್ಣ, ನೇರಳೆ, ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ. ಪ್ರತಿ ರಜೆಗೂ ಜಗದೀಶ ತಂದದ್ದು. ಅವನು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದ.

"ಒಂದೂ ಓಪನ್ ಮಾಡ್ಲೇ ಇಲ್ವಾ ನೀನು?"

"ಹಾಕ್ಕೊಂಡು ಹೋಗುದು ಎಲ್ಲಿಗೆ? ತೋರಿಸುದು ಯಾರಿಗೆ?"

ಜಗದೀಶ ಬಾಟಲಿಯ ಮುಚ್ಚಳ ತಿರುಗಿಸುವುದರಲ್ಲಿ ತುಂಬಾ ಮಗ್ನನಾದ.

ಅವಳು ಬಣ್ಣ ಆರಿಸಿದ್ದು ರವಿಕೆ ಕಣ ಆರಿಸುವ ರೀತಿಯಲ್ಲಿ. ಒಂದು ಬಾಟಲಿಯನ್ನು ಉಡದ ಪಕ್ಕದಲ್ಲಿಡುವುದು, ತಲೆ ಓರೆ ಮಾಡಿ ನೋಡುವುದು, ಬೇಡವೆಂದು ತೆಗೆಯುವುದು. ಸುನಂದ ಪಕ್ಕದಲ್ಲಿ ಕೂತು ಒಪ್ಪಿಗೆ ಕೊಡುವುದು. ಕೊನೆಗೆ ಮರೂನ್ ಮೈ, ರೆಕ್ಕೆಗೆ ಚಿನ್ನದ ಅಂಚು.

"ಇದು ನಿನ್ನ ಧಾರೆ ಸೀರೆಯಲ್ವಾ?" ಎಂದಳು ಸುನಂದ.

"ಹೌದು ಅತ್ತಿಗೆ. ಅದಕ್ಕಿಂತ ಒಳ್ಳೆ ಕಾಂಬಿನೇಶನ್ ನಾನು ನೋಡ್ಲಿಲ್ಲ."

ಪುಟ್ಟ ಬ್ರಷ್ಷಿನಲ್ಲಿ ಎಳೆದದ್ದು ನೋಡುತ್ತಿದ್ದಂತೆ ಒಣಗುತ್ತಿತ್ತು. ಕುದುರೆಗೆ ಮುತ್ತಿನ ಬಿಳಿ ಬಂತು. ಮುರಿದ ಕೊಂಬನ್ನು ಚಿನ್ನದ ಪಾಲಿಶಿನಲ್ಲೇ ಅದ್ದಿ ಹಣೆಗೆ ಒತ್ತಿ ಹಿಡಿದಳು. ಅದು ನಿಂತಿತು. ಶೆಟ್ರು ಬೇಲಿ ದಾಟಿ ಬಂದು, ಹುಲಿವೇಷವನ್ನಾದರೂ ಉಳಿಸಬೇಕೆಂದು ವಿನಂತಿಸಿಕೊಂಡರು. ಅದು ಮಂಜೂರಾಯಿತು, ಪಟ್ಟೆ ಮಾತ್ರ ಅವಳೇ ಎಳೆದಳು. ಆದರೆ ಕುಳ್ಳರ ಗಡ್ಡಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಹಚ್ಚತೊಡಗಿದಾಗ ನನಗೆ ತಡೆಯಲಾಗಲಿಲ್ಲ.

"ಸೈನಿಕರಿಗೆ ಗುಲಾಬಿ ಗಡ್ಡವಾ? ಯೂನಿಫಾರ್ಮ್ ಬೇಡವಾ?"

"ಅವರು ಸೈನಿಕರು ಅಂತ ನಿಮಗೆ ಯಾರು ಹೇಳಿದ್ದು ಅಣ್ಣ? ಕೊಡಲಿ ಹಿಡಿದವರು ಕಟ್ಟಿಗೆಗೆ ಹೊರಟವರೂ ಆಗ್ಬಹುದಲ್ಲ."

ನನಗೆ ಊದುವ ಕೆಲಸ ಕೊಟ್ಟರು. ಹಚ್ಚಿದ್ದು ಬೇಗ ಒಣಗಲಿ ಎಂದು ನಾನು ಸಂಜೆಯವರೆಗೆ ಕುಳ್ಳರ ಗಡ್ಡ ಊದಿದೆ. ಉಸಿರಾಟದ ವ್ಯಾಯಾಮ ಮಾಡಿದವನಾದ್ದರಿಂದ ಆ ಹುದ್ದೆಯಲ್ಲಿ ನನ್ನ ಬಗ್ಗೆ ದೂರುಗಳಿರಲಿಲ್ಲ. ಒಬ್ಬನನ್ನು ಮಾತ್ರ ಮೇಜಿನಿಂದ ಕೆಳಕ್ಕೆ ಊದಿಬಿಟ್ಟೆ.

ಜಗದೀಶ ಪೆಟ್ಟಿಗೆ ಹಿಡಿದುಕೊಂಡು ಹೋದ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಬಹರೈನಿನ ಮಾತೆತ್ತಲಿಲ್ಲ. ವಿಮಲ ಮಾತ್ರ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅಂಗಳ ಗುಡಿಸುವ ಅಭ್ಯಾಸ ಮಾಡಿಕೊಂಡಳು. ಅಂಗಳ ಅಷ್ಟು ಚೊಕ್ಕವಾಗಿದ್ದದ್ದು ಆ ತಿಂಗಳು ಮಾತ್ರ. ಕೊನೆಗೆ ಒಂದು ದಿನ ಅವಳು ಹಿಡಿಸೂಡಿಯನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಬಂದಳು. ಸಾಹೇಬರು ಸಹಿ ಹಾಕಿದ್ದರು.

ಅವಳು ಬೊಂಬಾಯಿಯಿಂದ ವಿಮಾನ ಹತ್ತಿ ಹೋದಳು. ಸ್ವಲ್ಪ ಸಮಯದ ನಂತರ, ಊರಿಗೆ ಬಂದವರೊಬ್ಬರ ಕೈಯಲ್ಲಿ ಅವಳ ಮೊದಲ ಕ್ಯಾಸೆಟ್ ಬಂತು. ಆಗೆಲ್ಲ ಗಲ್ಫಿನವರು ಕಾಗದದ ಬದಲು ಮಾತಾಡಿಯೇ ಕಳಿಸುತ್ತಿದ್ದರು. ಟೇಪ್ ರೆಕಾರ್ಡರನ್ನು ಜಗಲಿಯಲ್ಲಿಟ್ಟೆವು. ಶೆಟ್ರೂ ಬಂದು ಕೂತರು. ಅವಳು ಅಲ್ಲಿಯ ಮನೆಯ ಬಗ್ಗೆ ಹೇಳಿದಳು, ಏಸಿಯ ಬಗ್ಗೆ ಹೇಳಿದಳು, ಅಲ್ಲಿ ಬಸಳೆ ಸಿಗುವುದಿಲ್ಲವೆಂದು ಹೇಳಿದಳು. ಗುಲಾಬಿ ನೈಲ್ ಪಾಲಿಶ್ ಹಾಕಿಕೊಂಡೇ ಮಾತಾಡುತ್ತಿದ್ದೇನೆ ಎಂದು ನಕ್ಕಳು. ಆಮೇಲೆ ದನಿ ಸ್ವಲ್ಪ ತಗ್ಗಿತು.

"ಅಣ್ಣ, ನಿಮಗೆ ಒಂದು ಸುದ್ದಿ. ಆ ಹುಡುಗನಿಗೆ ಇನ್ನೊಂದು ಪೆಟ್ಟಿಗೆ ಬಂದಿದೆ. ಇದರಲ್ಲಿ ಎಲ್ಲ ದೈತ್ಯರು. ಇದನ್ನೂ ಊರಿಗೆ ಕಳಿಸುವಾ, ಅದೇ ಪೇಂಟರ್ ಹತ್ರ ಕೊಡುವಾ ಅಂತ ಸಾಹೇಬ್ರು ಹೇಳಿದ್ರು. ಪೇಂಟರ್ ಅಂದ್ರೆ ನಮ್ಮ ಭಾವ ಅಂತ ಇವರು ಮೊದಲೇ ಹೇಳಿದ್ರಂತೆ. ಈಗ ಗಡಿಬಿಡಿಯಲ್ಲಿ, ಪೇಂಟರ್ ರಿಟೈರ್ ಆಗಿದ್ದಾರೆ, ಕಣ್ಣು ಕಾಣುದಿಲ್ಲ, ಕೈಯೂ ನಡುಗ್ತದೆ ಅಂತ ಹೇಳಿಬಿಟ್ರು. ನೀವು ಬೇಜಾರು ಮಾಡ್ಬೇಡಿ. ಸಾಹೇಬ್ರ ಹೆಂಡತಿ ನಿಮಗೋಸ್ಕರ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದ್ದಾರಂತೆ."



"ಎಂತ ಹೇಳಿದ್ಲು? ನನಗೆ ಸರಿ ಕೇಳ್ಲಿಲ್ಲ," ಎಂದರು ಶೆಟ್ರು. ಅವರಿಗೆ ಸರಿಯಾಗಿಯೇ ಕೇಳಿತ್ತು.

ಸುನಂದ ನನ್ನನ್ನು ನೋಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಕೈ ಚಾಚಿ ಟೇಪನ್ನು ಹಿಂದಕ್ಕೆ ತಿರುಗಿಸಿದಳು.