ಹವಾಮಾನ ಕೋಶದ ಕೋರಂ

ನಮ್ಮ ವಿಶ್ವವಿದ್ಯಾಲಯದಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ಜೊತೆಗೆ ನಗಲು ಯಾರೂ ಸಿಗುವುದಿಲ್ಲ, ಅಷ್ಟೆ. ಆದ್ದರಿಂದ ಬರೆದಿಡುತ್ತಿದ್ದೇನೆ.

೧. ನೇಮಕ

ಹವಾಮಾನ ಬದಲಾವಣೆಯನ್ನು ಎದುರಿಸಲು ಒಂದು ಕೋಶ ಆಗಬೇಕೆಂದು ಸುತ್ತೋಲೆ ಬಂತು. ಕುಲಸಚಿವರು ನನ್ನನ್ನು ಕರೆದು ಸಂಚಾಲಕನನ್ನಾಗಿ ಮಾಡಿದರು.

"ನಾನು ಇತಿಹಾಸದ ಮೇಷ್ಟ್ರು, ಸರ್," ಎಂದೆ.

"ಗೊತ್ತು. ಆದ್ರೆ ಕ್ವಾರ್ಟರ್ಸ್‌ನಲ್ಲಿ ಒಬ್ರೇ ಇರೋದು ನೀವೇ ಅಲ್ವಾ? ಸಂಜೆ ಮಾತಾಡ್ಸೋರೂ ಇರಲ್ಲ. ಯೋಜನೆ ಬರೀರಿ, ಹೊತ್ತು ಹೋಗುತ್ತೆ."

ನನ್ನ ಅರ್ಹತೆಯನ್ನು ಇಷ್ಟು ಸರಿಯಾಗಿ ಅದುವರೆಗೆ ಯಾರೂ ಗುರುತಿಸಿರಲಿಲ್ಲ.

೨. ನಕ್ಷೆ

ಕುಂದಾಣದ ಕಡೆಯ ಹಳ್ಳಿಯಿಂದ ಬರುವ ನಮ್ಮ ಮಾಲಿ ಕ್ಯಾಂಪಸ್ ಸುತ್ತಿಸಿದರು. ಆಡಳಿತ ಕಟ್ಟಡದ ಹಿಂದೆ, ಕೆರೆಗೆ ಹೋಗುವ ಹಳೆಯ ಕಾಲುವೆಗೆ ಅಡ್ಡವಾಗಿ ಕಾಂಪೌಂಡ್ ಗೋಡೆ ಎದ್ದಿತ್ತು.

"ಈಗಿನ ಮಳೆ ಮೊದ್ಲಿನಂಗಲ್ಲ ಸಾ, ಒಂದೇ ಗಂಟೇಲಿ ಸುರ್ದು ಹೋಯ್ತದೆ. ನೀರು ಗೋಡೆಗೆ ನಿಂತ್ಕಂಡು ಮೊದ್ಲು ಆಪೀಸ್ಗೆ ಬತ್ತದೆ, ಆಮೇಲೆ ಹೆಣ್ಮಕ್ಕಳ ಹಾಸ್ಟೆಲ್ಗೆ. ಹೋದ್ಸಲ ಮಕ್ಕಳು ಹಾಸಿಗೆ ಹೊತ್ಕಂಡು ಮಹಡಿ ಹತ್ತಿದ್ವು."

ಮಳೆಗಾಲಕ್ಕೆ ಮೊದಲು ಆ ಗೋಡೆಯಲ್ಲೊಂದು ಕಿಂಡಿ ತೆಗೆಸಬೇಕು. ಇಡೀ ಯೋಜನೆಯಲ್ಲಿ ನನಗೆ ನಿಜವಾಗಿ ಬೇಕಿದ್ದದ್ದು ಇದೊಂದೇ.

ವಿಶ್ವವಿದ್ಯಾಲಯದ ಇಂಜಿನಿಯರ್ ನಕ್ಷೆ ಹರಡಿ, "ಇದ್ರಲ್ಲಿ ಕಾಲುವೇನೇ ಇಲ್ವಲ್ಲ ಸರ್," ಎಂದರು. ಕಿಟಕಿಯಿಂದ ತೋರಿಸಿದೆ. ಅವರು ಕಿಟಕಿಯ ಕಡೆ ತಿರುಗಲಿಲ್ಲ. ಇನ್ನೊಮ್ಮೆ ನಕ್ಷೆಯನ್ನೇ ನೋಡಿ, "ಇಲ್ಲ," ಎಂದರು. ಬೇಕಾದರೆ ಕೋಶದ ಸಮಿತಿಯಿಂದ ಠರಾವು ತರಬೇಕಂತೆ.

೩. ವಡೆ

ಯೋಜನೆ ಬರೆದು ಮುಗಿಸಿ ಅಚ್ಚಿಗೂ ಕೊಟ್ಟೆ; ಬಾಕಿ ಉಳಿದದ್ದು ಠರಾವು. ಸಮಿತಿಯಲ್ಲಿ ನಾನೂ ಸೇರಿ ಏಳು ಜನ. ಕೋರಂಗೆ ನಾಲ್ವರು ಕೂರಬೇಕು. ನಮ್ಮಲ್ಲಿ ಸಭೆ ನಡೆಯುವ ರೀತಿಯೇ ಬೇರೆ: ಅಟೆಂಡರ್ ಹಾಜರಿ ಪುಸ್ತಕವನ್ನೂ ವಡೆಯ ಪೊಟ್ಟಣಗಳನ್ನೂ ಹಿಡಿದು ಕೊಠಡಿಯಿಂದ ಕೊಠಡಿಗೆ ಹೋಗುತ್ತಾನೆ. ಸಹಿ ಹಾಕಿದವರಿಗೆ ವಡೆ. ಆದರೆ ಗೋಡೆಯ ಠರಾವಿಗೆ ಮಾತ್ರ ಆರೂ ಜನ, "ಅದು ಎಲ್ರೂ ಕೂತು ಚರ್ಚೆ ಮಾಡ್ಬೇಕಾದ ವಿಷಯ," ಎಂದು ಹೇಳಿ ಕಳಿಸಿದರು. ವಡೆ ಇಟ್ಟುಕೊಂಡರು.

ಮೂರನೆಯ ಸಭೆಯಲ್ಲೂ ಆರು ಕುರ್ಚಿ ಖಾಲಿ. ಅಟೆಂಡರ್ ಇಣುಕಿ, "ಫ್ಯಾನ್ ಆರಿಸ್ಲಾ ಸಾರ್?" ಎಂದ.

"ಒಬ್ಬರು ಇದ್ದಾರಲ್ಲಪ್ಪ."

ಅವನು ಸುತ್ತ ನೋಡಿ, "ಯಾರು ಸಾರ್?" ಎಂದ.

೪. ಕೋರಂ

ನಾಲ್ಕನೆಯ ಸಭೆಯ ಮಧ್ಯಾಹ್ನ ಮಳೆ ಸುರಿಯಿತು. ಅರ್ಧ ಗಂಟೆಯಲ್ಲಿ ಆಡಳಿತ ಕಟ್ಟಡದ ಕೆಳಗಿನ ಕೊಠಡಿಗಳಲ್ಲಿ ಮೊಣಕಾಲುದ್ದ ನೀರು. ಸದಸ್ಯರು ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಮಹಡಿಯ ಸಭಾಕೊಠಡಿಗೆ ಹತ್ತಿ ಬಂದರು. ಏಳೂ ಕುರ್ಚಿ ತುಂಬಿದವು. ನನಗೆ ಖುಷಿಯಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

"ಕಿಂಡಿ ಎರಡಡಿ ಸಾಕಾ, ಮೂರಡಿ ಬೇಕಾ?" ಎಂದರು ಒಬ್ಬರು.

"ಅದಕ್ಕೊಂದು ಉಪಸಮಿತಿ ಮಾಡೋಣ," ಎಂದರು ಇನ್ನೊಬ್ಬರು.

ಅಷ್ಟರಲ್ಲಿ ನೀರು ಇಳಿಯತೊಡಗಿತು. ಮಾಲಿ ಹಾರೆಯಿಂದ ಗೋಡೆ ಒಡೆದಿದ್ದರು. ಹಾಸ್ಟೆಲಿನ ಮೆಟ್ಟಿಲವರೆಗೆ ಬಂದಿದ್ದ ನೀರು ಅಲ್ಲಿಂದಲೇ ಹಿಂದೆ ಸರಿದಿತ್ತು. ಇತ್ತ ನಾನು ಠರಾವು ಓದಿ ತಲೆಯೆತ್ತಿದಾಗ, ನೀರಿನ ಜೊತೆಗೆ ಕೋರಮ್ಮೂ ಇಳಿದುಹೋಗಿತ್ತು.

೫. ವಿಚಾರಣೆ

ವಿಶ್ವವಿದ್ಯಾಲಯದ ಆಸ್ತಿಗೆ ಹಾನಿ ಮಾಡಿದ್ದಕ್ಕೆ ಮಾಲಿಗೆ ನೋಟಿಸ್ ಹೋಯಿತು. ಕೆಲಸವೇ ಹೋಗಬಹುದಿತ್ತು. ವಿಚಾರಣಾಧಿಕಾರಿ ನಾನೇ.

"ಯಾರು ಹೇಳಿದ್ದಕ್ಕೆ ಒಡೆದಿರಿ?"

"ನೀವೇ ಸಾ."

ಅವರು ಚೀಲದಿಂದ ನನ್ನ ಯೋಜನೆಯ ಪುಸ್ತಕ ತೆಗೆದರು. ಅಚ್ಚಾದ ಪ್ರತಿಗಳನ್ನೆಲ್ಲ ನರ್ಸರಿ ಶೆಡ್ಡಿನಲ್ಲಿ ಪೇರಿಸಿದ್ದಾರಂತೆ. ಬೆರಳಿಟ್ಟು ಓದಿದರು: "'ತುರ್ತು ಸಂದರ್ಭದಲ್ಲಿ ಗೋಡೆಯನ್ನು ಕೂಡಲೇ ತೆರವುಗೊಳಿಸತಕ್ಕದ್ದು.' ನೀವೇ ಬರ್ದಿದ್ದೀರಲ್ಲ ಸಾ."

'ಯೋಜನೆಯಂತೆ ನಡೆದುಕೊಂಡ ಏಕೈಕ ನೌಕರ' ಎಂದು ವರದಿ ಬರೆದು ಸಹಿ ಹಾಕಿದೆ. ಕೆಲಸ ಉಳಿಯಿತು.

ಅವರು ಹೊರಟಾಗ ಕೇಳದೆ ಇರಲಾಗಲಿಲ್ಲ. "ಪುಸ್ತಕ ಪೂರ್ತಿ ಓದಿದ್ರಾ?"

"ಹೂಂ ಸಾ, ದಿನಾ ಊಟದ ಹೊತ್ತಲ್ಲಿ ನಾಕ್ ನಾಕ್ ಪುಟ."

ಎಷ್ಟೋ ಸಂಜೆ ಕೂತು ಬರೆದದ್ದು. ಓದಿದವರು ಸಿಕ್ಕಿದ್ದು ಇವರೊಬ್ಬರೇ. "ಹೇಗಿದೆ?" ಎಂದೆ.

ಅವರು ಬಾಗಿಲಲ್ಲಿ ನಿಂತು, ನನಗೆ ನೋವಾಗದಂತೆ ಹೇಳುವುದು ಹೇಗೆಂದು ಸ್ವಲ್ಪ ಹೊತ್ತು ಯೋಚಿಸಿದರು.

"ಗೋಡೆ ಬರೋಗಂಟ ಶಾನೆ ಬೋರು, ಸಾ."