ಕೆಂಪು ದೀಪಕ್ಕೆ ನಿಲ್ಲುವ ಬೀಗಿತ್ತಿ

ಐವತ್ತೆರಡು ವರ್ಷದ ಹೆಂಗಸು ಸೈಕಲ್ ಹತ್ತಿದರೆ ನಮ್ಮ ಮಂಡ್ಯ ಹೇಗೋ ಸಹಿಸಿಕೊಳ್ಳುತ್ತದೆ. ಆದರೆ ಅವಳು ಕಾನೂನು ಪ್ರಕಾರ ಸೈಕಲ್ ಹೊಡೆದರೆ ಊರಿಗೆ ಊರೇ ಕಣ್ಣು ಕಿರಿದು ಮಾಡಿ ನೋಡುತ್ತದೆ. ನನಗಿದು ವಾರಕ್ಕೊಂದು ಸಲವಾದರೂ ಆಗುತ್ತಲೇ ಇರುತ್ತದೆ.

ನಾನು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಗುತ್ತಲು ಬಡಾವಣೆಯ ಮನೆಯಿಂದ ಶಾಲೆಗೆ ಸೈಕಲ್ಲಿನಲ್ಲೇ ಓಡಾಟ. ತಲೆಗೆ ಹೆಲ್ಮೆಟ್ಟು, ಹಿಂದೆ ಕೆಂಪು ರಿಫ್ಲೆಕ್ಟರು, ರಸ್ತೆಯ ಎಡಬದಿ. ಇದನ್ನು ಒಳ್ಳೆಯತನ ಅಂತ ತಿಳಿಯಬೇಡಿ. ರಸ್ತೆಗಿಳಿದರೆ ನಾನು ಯಾರನ್ನೂ ನಂಬುವವಳಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿದವನು ಬಲಕ್ಕೆ ತಿರುಗುತ್ತಾನೆ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನ ದೀಪ ಇರುವುದಿಲ್ಲ. ನಿಂತ ಕಾರಿನ ಬಾಗಿಲು ನಾನು ಹತ್ತಿರ ಬಂದಾಗಲೇ ತೆರೆದುಕೊಳ್ಳುತ್ತದೆ.

ಈ ವರ್ಷ ಮಾತ್ರ ವಿಷಯ ಮನೆಯೊಳಕ್ಕೇ ಬಂತು. ಮಲವಳ್ಳಿ ಕಡೆಯ ಹುಡುಗನೊಬ್ಬ ನನ್ನ ಮಗಳನ್ನು ನೋಡಿ ಹೋಗಿದ್ದ. ಅವನಿಗೆ ಇವಳು ಒಪ್ಪಿಗೆ, ಇವಳಿಗಂತೂ ಅವನ ಹೆಸರೆತ್ತಿದರೆ ಮುಖ ಕೆಂಪಾಗುತ್ತಿತ್ತು. ಅವರ ಕಡೆಯವರು ವಿಚಾರಿಸುವುದೊಂದು ಬಾಕಿ. ನಮ್ಮಲ್ಲಿ ವಿಚಾರಿಸುವುದು ಅಂದರೆ ಹೆಣ್ಣಿನ ಮನೆಯವರನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳುವುದು.

"ಅಮ್ಮಾ, ಒಂದು ತಿಂಗಳು ಆಟೋದಲ್ಲಿ ಹೋಗು, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು ಮಗಳು.

"ಸೈಕಲ್ ಹೊಡೆಯೋದೇನು ಕಳ್ಳತನವಾ?" ಅಂತ ರೇಗಿದೆ. ಆ ತಿಂಗಳು ಆದದ್ದು ಇಷ್ಟು.

ಸಿಗ್ನಲ್ಲಿನಲ್ಲಿ

ಬೆಳಿಗ್ಗೆ ಎಂಟೂವರೆ. ರಸ್ತೆ ಖಾಲಿ, ದೀಪ ಕೆಂಪು. ನಿಂತೆ. ಹಿಂದಿನಿಂದ ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡಿನವನು ನನಗೆ ಗುದ್ದುವ ಹಾಗೆ ಬಂದು ಕಾಲು ಕೊಟ್ಟು ನಿಲ್ಲಿಸಿದ.

"ಯಾಕಮ್ಮೋ, ಚೈನ್ ಕಳಚ್ಕತಾ?"

"ಇಲ್ಲಪ್ಪ. ಕೆಂಪು ದೀಪ."

ಅವನು ದೀಪ ನೋಡಲಿಲ್ಲ. ಮರದ ಹಿಂದೆ ನೋಡಿದ, ಟೀ ಅಂಗಡಿ ಸಂದಿಯಲ್ಲಿ ನೋಡಿದ. "ಪೋಲೀಸ್ನೋರು ಎಲ್ಲವ್ರೆ?"

"ಯಾರೂ ಇಲ್ಲ."

"ಇಲ್ದೆ ನೀವ್ಯಾಕೆ ನಿಂತ್ಕಂಡಿದ್ದೀರಿ?" ಅಂದವನೇ ಗಾಡಿ ತಿರುಗಿಸಿ ಗಲ್ಲಿಗೆ ನುಗ್ಗಿದ. ಅವನನ್ನು ನೋಡಿ ಇನ್ನೊಬ್ಬ, ಇನ್ನೊಬ್ಬನನ್ನು ನೋಡಿ ನಾಲ್ವರು. ದೀಪ ಹಸಿರಾಗುವಷ್ಟರಲ್ಲಿ ಆ ರಸ್ತೆಯಲ್ಲಿ ನಾನೊಬ್ಬಳೇ ಉಳಿದಿದ್ದೆ.

ಶಾಲೆಗೆ ಹೋದರೆ ಅರ್ಧ ಮೇಷ್ಟರುಗಳು ತಡ. ಹೆಡ್‌ಮಾಸ್ಟರು ಏದುಸಿರು ಬಿಡುತ್ತಾ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ನಾಳೆಯಿಂದ ಆ ಸಿಗ್ನಲ್ ಕಡೆ ಬರಬೇಡಿ. ಯಾರೋ ಲೇಡಿ ಪೊಲೀಸು ಸೀರೆ ಉಟ್ಟುಕೊಂಡು, ಸೈಕಲ್ ಹಿಡಕೊಂಡು ಹೊಂಚು ಹಾಕ್ತಿದಾಳಂತೆ!"

ಕೈ ತೋರಿಸಿದ್ದು

ಭಾನುವಾರ ಭಾರತೀನಗರದ ತಂಗಿ ಮನೆಗೆ ಹೋಗಿದ್ದೆ. ಅಲ್ಲಿಗೂ ನನ್ನ ಹೆಲ್ಮೆಟ್ಟು ನನ್ನ ಜೊತೆಗೇ ಬಂದಿತ್ತು. ಮೊಸರು ತರೋಣ ಅಂತ ತಂಗಿಯ ಸೈಕಲ್ ತೆಗೆದುಕೊಂಡು, ಮುಂದಿನ ಬುಟ್ಟಿಯಲ್ಲಿ ಒಂದು ಬ್ಯಾಗಿಟ್ಟುಕೊಂಡು ಹೊರಟೆ. ಬಲಗಡೆಯ ಬೀದಿಗೆ ತಿರುಗಬೇಕು. ಹಿಂದೆ ನೋಡಿದೆ, ಬಸ್ಸು ದೂರದಲ್ಲಿತ್ತು. ಕಾನೂನು ಹೇಳುವ ಹಾಗೆ ಬಲಗೈ ಚಾಚಿದೆ.

ಮದ್ದೂರಿನಿಂದ ಮಲವಳ್ಳಿಗೆ ಹೋಗುವ ಆ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತಿತು.

"ಬಸ್ ಅತ್ತಮ್ಮ ಬಿರ್ರನೆ. ಸೈಕಲ್ ಮ್ಯಾಲಕ್ಕಾಕ್ಬೇಕಾ?" ಅಂತ ಕಂಡಕ್ಟರು ಇಳಿದೇಬಿಟ್ಟ.

"ನಾನು ಬಸ್ಸಿಗೆ ಕೈ ತೋರಿಸಲಿಲ್ಲಪ್ಪ. ಬಲಕ್ಕೆ ತಿರುಗ್ತೀನಿ ಅಂತ ಸನ್ನೆ ಮಾಡಿದೆ."

"ನೀವ್ ತಿರುಗ್ಕಳಕ್ಕೆ ನಮ್ಗ್ಯಾಕಮ್ಮ ಯೋಳ್ಬೇಕು?" ಅವನ ಕಣ್ಣಲ್ಲಿ ಅನುಮಾನ. "ಚೆಕಿಂಗ್ನೋರಾ ನೀವು?"

ಕಿಟಕಿಯಲ್ಲಿ ಕೂತಿದ್ದ ಅಜ್ಜಿ ನನ್ನ ಬ್ಯಾಗು ನೋಡಿತು, ಮುಖ ನೋಡಿತು, ತೀರ್ಪು ಕೊಟ್ಟಿತು. "ಬುಡ್ಲಾ ಕಂಡಕ್ಟ್ರೂ, ಗಂಡನ್ ಕೂಡೆ ಜಗಳ ಆಡ್ಕಂಡು ಒಂಟವ್ಳೆ. ಬಸ್ಸಿಗೆ ಕೈ ತೋರ್ಸುದ್ಲು, ಈಗ ಮನ್ಸು ತಡೀತಾಯ್ತೆ. ಓಗವ್ವ, ಮನೆಗೋಗು. ಗಂಡುಸ್ರು ಅಂಗೇಯ."

ಬಸ್ಸಿಗೆ ಬಸ್ಸೇ ನನಗೆ ಬುದ್ಧಿ ಹೇಳಿ ಮಲವಳ್ಳಿಗೆ ಹೊರಟಿತು. ಸೀರೆ ಮೇಲೆ ಹೆಲ್ಮೆಟ್ಟು ಹಾಕಿ ಸೈಕಲ್ ಹೊಡೆಯುವ ಇನ್ನೊಬ್ಬಳು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಸಂಜೆಯೇ ಹುಡುಗನ ಮನೆಯಿಂದ ನಮ್ಮ ಯಜಮಾನರಿಗೆ ಫೋನು. "ಏನಿಲ್ಲ, ಸುಮ್ನೆ ಮಾಡ್ದೊ. ಮೇಡಮ್ಮೋರು ಮನೇಲವ್ರಾ?"

ಒಳ್ಳೆಯ ಸಾಕ್ಷಿ

ನಮ್ಮ ಬೀದಿಯ ಪಂಕ್ಚರ್ ಅಂಗಡಿ ಸಾಹೇಬರು ನನ್ನನ್ನು ಬಿಟ್ಟುಕೊಡುವವರಲ್ಲ. ಒಂದು ದಿನ ಕರೆದು ಹೇಳಿದರು, "ಯಾರೋ ದೊಡ್ಡ ಮೀಸೆಯೋರು ಬಂದು ನಿಮ್ಮನ್ನ ಕೇಳಿದ್ರು ಮೇಡಂ. ಚೆನ್ನಾಗಿ ಹೇಳಿದ್ದೀನಿ." ಮೀಸೆ ಅಂದಮೇಲೆ, ಹೆಣ್ಣು ನೋಡಲು ಹುಡುಗನ ಜೊತೆ ಬಂದಿದ್ದ ಅವನ ಸೋದರಮಾವನೇ.

"ಏನು ಹೇಳಿದ್ರಿ?"

"ಅಂಥಾ ಹುಷಾರು ಹೆಂಗಸು ಮಂಡ್ಯದಲ್ಲೇ ಇಲ್ಲ ಅಂದೆ. ವಾರಕ್ಕೊಂದ್ಸಲ ಬ್ರೇಕ್ ನೋಡಿಸ್ತಾರೆ, ಬೆಲ್ ನೋಡಿಸ್ತಾರೆ, ಹಿಂದೆ ಬರೋರು ಕಾಣಬೇಕು ಅಂತ ಹ್ಯಾಂಡಲ್ಲಿಗೆ ಕನ್ನಡಿ ಹಾಕಿಸಿದಾರೆ ಅಂದೆ."

"ಅದಕ್ಕೆ ಅವರು?"

ಸಾಹೇಬರು ತಲೆ ಕೆರೆದುಕೊಂಡರು. "ಇಷ್ಟೊಂದು ಎದ್ರಿಕಂಡವ್ರಲ್ಲಾ, ದಾಯಾದಿಗಳ ಜೊತೆ ಜಮೀನು ತಕರಾರು ಏನಾರ ಐತಾ ಅಂದ್ರು."

ಹಿಂದೆ ಬಂದವನು

ಮಾರನೆಯ ದಿನ ಅದೇ ಕನ್ನಡಿಯಲ್ಲಿ ಒಂದು ಬೈಕು ಕಂಡಿತು. ಸವಾರ ಮುಖಕ್ಕೆ ಟವೆಲು ಸುತ್ತಿದ್ದ. ಬೈಕಿನವನು ಸೈಕಲ್ಲಿನ ಹಿಂದೆ ಸೈಕಲ್ಲಿನಷ್ಟೇ ನಿಧಾನ ಬಂದರೆ ಏನರ್ಥ? ಸರ ಕೀಳುವವನೇ! ಸೆರಗನ್ನು ಕತ್ತಿಗೆ ಎರಡು ಸುತ್ತು ಸುತ್ತಿಕೊಂಡೆ. ನಾನು ತಿರುಗಿದರೆ ಅವನೂ ತಿರುಗಿದ. ಸಿಗ್ನಲ್ಲಿಗೆ ನಿಂತೆ, ಅವನೂ ನಿಂತ. ಅಲ್ಲಿಗೆ ನನಗೆ ಖಾತ್ರಿಯಾಯಿತು. ಪುಣ್ಯಕ್ಕೆ ಅವತ್ತು ಪೇದೆಯೊಬ್ಬರು ಇದ್ದರು. "ಸಾರ್, ಕಳ್ಳ!" ಅಂತ ಕಿರುಚಿದೆ.

ಪೇದೆ ಬೈಕಿನ ಕೀ ಕಿತ್ತುಕೊಂಡು ಟವೆಲು ಎಳೆದರು. ಒಳಗಿನಿಂದ ಸೋದರಮಾವನ ಮೀಸೆ ಹೊರಗೆ ಬಂತು.

"ಸಂಬಂಧ ವಿಚಾರಿಸಕ್ಕೆ ಬಂದಿವ್ನಿ ಸಾ!"

"ಸಂಬಂಧ ವಿಚಾರಿಸಕ್ಕೂ ಹೆಲ್ಮೆಟ್ ಬೇಕು. ಲೈಸೆನ್ಸ್ ತೆಗೀರಿ" ಅಂದರು ಪೇದೆ. ಲೈಸೆನ್ಸೂ ಇರಲಿಲ್ಲ. ನಾನು ಎಷ್ಟು ಬೇಡಿಕೊಂಡರೂ ಬಿಡದೆ ಬೈಕನ್ನು ಠಾಣೆಗೆ ಹಾಕಿದರು. ಸೋದರಮಾವ ನನ್ನ ಕಡೆ ತಿರುಗಿಯೂ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದರು.

ಸಂಬಂಧ ಮುರಿಯಿತು ಅಂತಲೇ ತಿಳಿದೆ. ಮಗಳು ಒಂದು ಮಾತೂ ಬೈಯಲಿಲ್ಲ, ಊಟ ಮಾತ್ರ ಬಿಟ್ಟಳು. ಸೈಕಲ್ಲಿಗೆ ಬೀಗ ಹಾಕಿ ಕೀಲಿಯನ್ನು ಅವಳ ಕೈಗೇ ಕೊಟ್ಟೆ.

ಭಾನುವಾರ ಹೇಳದೆ ಕೇಳದೆ ಅವರ ಕಡೆಯವರು ಬಂದಿಳಿದರು. ಹುಡುಗನ ತಾತ, ತಾಯಿ, ಹಿಂದೆ ಮುಖ ಊದಿಸಿಕೊಂಡ ಸೋದರಮಾವ. ಕಾಫಿ ಮುಟ್ಟಲಿಲ್ಲ. ತಾತ ನೇರವಾಗಿ ನನ್ನನ್ನೇ ಕೇಳಿದರು.

"ನೋಡವ್ವ, ಮುಚ್ಚುಮರೆ ಬ್ಯಾಡ. ಯಾರಿಗ್ ಎದ್ರಿ ಇಂಗೆ ಸೈಕಲ್ ಒಡೀತೀಯೆ?"

"ಯಾರಿಗೂ ಇಲ್ಲ. ಕಾನೂನು ಹಾಗಿದೆ."

"ಪೋಲೀಸ್ನೋರು ನಿಂಗೆ ನೆಂಟರಾ?"

"ಅಲ್ಲ."

"ಕೋರ್ಟು ಕಚೇರಿ ಏನಾರ?"

"ಇಲ್ಲ ತಾತ. ದೀಪ ಕೆಂಪಾಗುತ್ತೆ, ನಿಲ್ತೀನಿ. ಅಷ್ಟೇ."

ಬಾಗಿಲ ಸಂದಿಯಲ್ಲಿ ಮಗಳು ನಿಂತಿದ್ದಳು. ತಾತ ನನ್ನನ್ನೇ ದಿಟ್ಟಿಸಿ ನೋಡಿದರು. ಆಮೇಲೆ ನಿಧಾನವಾಗಿ ತಲೆಯಾಡಿಸಿ ಸೋದರಮಾವನ ಕಡೆ ತಿರುಗಿದರು.

"ನೋಡ್ದೇನ್ಲಾ? ಇಷ್ಟ್ ಕೇಳುದ್ರೂವೆ ಆಯಮ್ಮ ಬಾಯಿ ಬುಡ್ನಿಲ್ಲ. ಗುಟ್ಟು ಕಾಯೋ ಮನೆ ಕಣ್ಲಾ ಇದು. ಇಂಥ ತಾಯಿ ಮಗ್ಳು ನಮ್ ಮನೆ ಮಾತ್ನ ಬೀದಿಗಾಕಕಿಲ್ಲ. ತತ್ತರ್ರವ್ವ ಎಲೆ ಅಡಿಕೆಯ!"